ಕರ್ತೃವಳಿದ ರಥಕ್ಕೆ ಒಡೆಯನಾರು?

ಮನುಷ್ಯನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳಲ್ಲಿ ಭೂಮಿಗೂ ಚಿನ್ನಕ್ಕೂ ಒಂದು ಬಗೆಯ ಸ್ವತಃಸಿದ್ಧತೆ ಇದೆ; ಅವನ್ನು ಮಾಡಿದವರು ಯಾರೆಂಬ ಪ್ರಶ್ನೆ ಅಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ, ಎದ್ದರೂ ದೇವರ ಹೆಸರನ್ನು ಹೇಳಿ ಕೈಮುಗಿದು ಸುಮ್ಮನಾಗಬಹುದು. ಯಂತ್ರದ ಮಾತು ಬೇರೆ. ಅದನ್ನು ಮಾಡಿದವನು ನಮ್ಮಂತೆಯೇ ಹುಟ್ಟಿ ಸಾಯುವ ಮನುಷ್ಯ. ಅವನಿಗೊಂದು ಊರು, ಒಂದು ಕಾರ್ಖಾನೆ, ಒಂದು ಹೆಸರು. ಕೊಂಡವನಿಗೆ ಕಷ್ಟ ಬಂದಾಗ ಕಾಗದ ಬರೆದು ಕೇಳಲು ಒಂದು ವಿಳಾಸ. ಆ ವಿಳಾಸವೇ ಇಲ್ಲವಾಗಿ, ಕಾರ್ಖಾನೆ ಬಿದ್ದು, ಹೆಸರು ವ್ಯವಹಾರದಿಂದ ಅಳಿಸಿಹೋದ ಮೇಲೂ ಯಂತ್ರವು ಉಳಿದಿದ್ದರೆ ಅದು ಯಾರದು, ಅದನ್ನು ಇಟ್ಟುಕೊಂಡವನಿಗೂ ಅದಕ್ಕೂ ಇರುವ ಸಂಬಂಧ ಎಂಥದು, ಎಂಬ ಪ್ರಶ್ನೆ ಮೇಲ್ನೋಟಕ್ಕೆ ವ್ಯಾಪಾರದ್ದೆಂದು ತೋರಿದರೂ ವಾಸ್ತವವಾಗಿ ಧರ್ಮದ ಪ್ರಶ್ನೆಯೆಂದೇ ನಾನು ತಿಳಿದಿದ್ದೇನೆ. ಹೈದರಾಬಾದಿನ ಪುರಾನಿ ಹವೇಲಿಯಲ್ಲಿರುವ ನಿಜಾಮರ ವಸ್ತುಸಂಗ್ರಹಾಲಯದಲ್ಲಿ 1930ರ ರೋಲ್ಸ್‌ರಾಯ್ಸ್ ಒಂದರ ಮತ್ತು ಜಾಗ್ವಾರ್ ಒಂದರ ಜೊತೆಯಲ್ಲಿ ಒಂದು ಪ್ಯಾಕರ್ಡ್ ಇದೆ. ಮೊದಲಿನ ಎರಡು ಹೆಸರುಗಳು ಇಂದಿಗೂ ಬದುಕಿವೆ. ಮೂರನೆಯದು ಅಳಿದು ಅರುವತ್ತು ವರ್ಷಗಳ ಮೇಲಾಯಿತು. ನನ್ನ ವಿಚಾರವೆಲ್ಲ ಆ ಮೂರನೆಯದನ್ನು ಕುರಿತದ್ದು.

ಪ್ಯಾಕರ್ಡಿನ ಜನ್ಮವೃತ್ತಾಂತದಲ್ಲಿಯೇ ಕೊಂಡವನಿಗೂ ಮಾಡಿದವನಿಗೂ ನಡೆದ ಒಂದು ವ್ಯಾಜ್ಯವಿದೆ. ಅಮೆರಿಕದ ಒಹಾಯೋ ಪ್ರಾಂತದ ವಾರೆನ್ ಎಂಬ ಊರಿನಲ್ಲಿ ವಿದ್ಯುತ್ ಸಲಕರಣೆಗಳನ್ನು ತಯಾರಿಸುತ್ತಿದ್ದ ಪ್ಯಾಕರ್ಡ್ ಸೋದರರಲ್ಲಿ ಕಿರಿಯನಾದ ಜೇಮ್ಸ್ ವಾರ್ಡ್ ಪ್ಯಾಕರ್ಡನು 1898ರಲ್ಲಿ ಕ್ಲೀವ್‌ಲೆಂಡಿನ ಅಲೆಗ್ಸಾಂಡರ್ ವಿಂಟನ್ ಎಂಬಾತನಿಂದ ಒಂದು ಮೋಟಾರುಗಾಡಿಯನ್ನು ಕೊಂಡನು. ಗಾಡಿ ಮತ್ತೆ ಮತ್ತೆ ಕೆಟ್ಟಿತು. ಎಂಜಿನಿಯರನಾಗಿದ್ದ ಜೇಮ್ಸನು ಅದರ ದೋಷಗಳನ್ನು ಕಂಡುಹಿಡಿದು ವಿಂಟನ್ನನ ಮುಂದಿಡಲಾಗಿ, ಅಷ್ಟೆಲ್ಲ ಬಲ್ಲೆಯಾದರೆ ನೀನೇ ಒಂದನ್ನು ಮಾಡಿಕೊ ಎಂಬ ಉತ್ತರ ಬಂದಿತೆಂದು ಪ್ರತೀತಿ. 1899ರ ನವೆಂಬರ್ 6ರಂದು ಮೊದಲನೆಯ ಪ್ಯಾಕರ್ಡ್ ವಾರೆನ್ನಿನ ಬೀದಿಗಿಳಿಯಿತು. ಆ ಗಾಡಿಯು ಜೇಮ್ಸನು ವ್ಯಾಸಂಗಮಾಡಿದ ಲೀಹೈ ವಿಶ್ವವಿದ್ಯಾಲಯದಲ್ಲಿ ಈಗಲೂ ಇದೆ. ಎರಡು ವರ್ಷಗಳ ತರುವಾಯ ಯಾರೋ ಒಬ್ಬರು ಗಾಡಿಯ ಗುಣಗಳನ್ನು ವಿವರಿಸುವ ಅಚ್ಚಿನ ಪುಸ್ತಿಕೆಯಿದ್ದರೆ ಕಳುಹಿಸಬೇಕೆಂದು ಬರೆದುಕೊಂಡಾಗ, ಅಂಥದೇನೂ ನಮ್ಮಲ್ಲಿಲ್ಲ, ಗಾಡಿಯನ್ನು ಇಟ್ಟುಕೊಂಡಿರುವಾತನನ್ನೇ ಕೇಳಿ ತಿಳಿಯಲಿ ಎಂದು ಜೇಮ್ಸನು ಉತ್ತರ ಬರೆಸಿದನಂತೆ. ಆ ಮಾತೇ ಪ್ಯಾಕರ್ಡ್ ಸಂಸ್ಥೆಯ ಬಿರುದಾಗಿ ಅರ್ಧ ಶತಮಾನಕ್ಕೂ ಮಿಕ್ಕು ನಡೆಯಿತು. ಮಾಡಿದವನು ತನ್ನ ವಸ್ತುವಿನ ವಿಷಯದಲ್ಲಿ ತಾನು ಸಾಕ್ಷಿ ನುಡಿಯಲೊಲ್ಲದೆ ಒಡೆಯನ ಅನುಭವವನ್ನೇ ಪ್ರಮಾಣವಾಗಿ ನಿಲ್ಲಿಸಿದ ಈ ಉತ್ತರದಲ್ಲಿ ವ್ಯಾಪಾರದ ಚಾತುರ್ಯ ಇದ್ದೀತು. ಆದರೆ ಅದಕ್ಕಿಂತ ಆಳವಾದುದೂ ಒಂದಿದೆ. ವಸ್ತುವಿನ ಸತ್ಯವು ಅದರ ನಿರ್ಮಾಣದಲ್ಲಿಯೇ ಮುಗಿಯುವುದಿಲ್ಲ, ಅದನ್ನು ದಿನದಿನವೂ ನಡಸುವವನ ಬಾಳಿನಲ್ಲಿ ಪೂರ್ಣವಾಗುತ್ತದೆ ಎಂಬ ಒಪ್ಪಿಗೆ ಅದರೊಳಗಿದೆ.

ಮುಂದಿನ ಚರಿತ್ರೆ ಒಂದು ಉಚ್ಛ್ರಾಯದ ಚರಿತ್ರೆ. 1903ರಲ್ಲಿ ಕಾರ್ಖಾನೆ ಡೆಟ್ರಾಯಿಟಿಗೆ ಬಂದಿತು. ಅಲ್ಲಿ ಆಲ್ಬರ್ಟ್ ಕಾನ್ ಎಂಬ ಶಿಲ್ಪಿಯು 1905ರಲ್ಲಿ ಕಟ್ಟಿಕೊಟ್ಟ ಹತ್ತನೆಯ ಕಟ್ಟಡವು ಕಬ್ಬಿಣದ ಕಂಬಿಗಳನ್ನೊಳಗೊಂಡ ಕಾಂಕ್ರೀಟಿನಿಂದ ಎದ್ದ ಮೊದಮೊದಲಿನ ಮೋಟಾರು ಕಾರ್ಖಾನೆಗಳಲ್ಲೊಂದೆಂದು ವಾಸ್ತುಚರಿತ್ರಕಾರರು ಎಣಿಸುತ್ತಾರೆ. 1915ರಲ್ಲಿ ಹನ್ನೆರಡು ಸಿಲಿಂಡರುಗಳ ಎಂಜಿನ್ನು ಬಂದಿತು. 1921ರಲ್ಲಿ ಹಾರ್ಡಿಂಗನು ಅಧ್ಯಕ್ಷಪದವಿಯ ಪ್ರಮಾಣವಚನಕ್ಕೆ ಕುದುರೆಸಾರೋಟನ್ನು ಬಿಟ್ಟು ಮೋಟಾರಿನಲ್ಲಿ ಹೋದ ಮೊದಲನೆಯ ಅಮೆರಿಕನ್ ಅಧ್ಯಕ್ಷನಾದಾಗ ಅವನನ್ನು ಹೊತ್ತದ್ದು ಪ್ಯಾಕರ್ಡ್. ಆಮೇಲೆ ಎಂಟು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ ಎಂಜಿನ್ನುಗಳು ಬಂದವು. ಅವುಗಳ ಮೌನಗಮನಕ್ಕೆ ಮರುಳಾದವರಲ್ಲಿ ನಮ್ಮ ದೇಶದ ಸಂಸ್ಥಾನಾಧೀಶರೂ ಇದ್ದರು. ಸೋದರರಿಬ್ಬರೂ ಈ ವೈಭವದ ನಡುವಿನಲ್ಲಿಯೇ ತೀರಿಕೊಂಡರು. ಜೇಮ್ಸನ ಕಡೆಗಾಲದ ಒಂದು ಸಂಗತಿಯನ್ನು ಇಲ್ಲಿ ಹೇಳದಿರಲಾರೆ. ಅವನು ಪಾಟೆಕ್ ಫಿಲಿಪ್ ಎಂಬ ಸ್ವಿಸ್ ಸಂಸ್ಥೆಯಿಂದ ಒಂದು ಗಡಿಯಾರವನ್ನು ಮಾಡಿಸಿಕೊಂಡನು. ವಾರೆನ್ನಿನ ತನ್ನ ಮನೆಯಿಂದ ಕಾಣುವ ಆಕಾಶವನ್ನು ಐನೂರು ಚಿನ್ನದ ನಕ್ಷತ್ರಗಳಲ್ಲಿ ಅದರ ಫಲಕದ ಮೇಲೆ ಬರೆಸಲಾಗಿತ್ತು. ಅದು ಕೈಸೇರಿದುದು 1927ರಲ್ಲಿ; ಮರುವರ್ಷವೇ ಅವನು ಮೃತನಾದನು. ಸಹಸ್ರಾರು ಜನರಿಗೆ ಒಡೆತನವನ್ನು ಮಾರಿದ ಮನುಷ್ಯನು ತನಗಾಗಿ ಬಯಸಿದುದು ಯಾರೂ ಒಡೆಯರಲ್ಲದ ಆಕಾಶವನ್ನು.

ಅವನತಿಯನ್ನು ಕುರಿತು ಬಹಳ ವಿಸ್ತರಿಸಬೇಕಾಗಿಲ್ಲ. ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಸಾವಿರ ಡಾಲರಿನ ಒಳಗಿನ ಒಂದು ಗಾಡಿಯನ್ನು ಸಂಸ್ಥೆ ಹೊರತಂದಿತು. ಅದರಿಂದ ಮರ್ಯಾದೆ ಹೋಯಿತೆಂದು ಕೆಲವರು, ಅದರಿಂದಲೇ ಪ್ರಾಣ ಉಳಿಯಿತೆಂದು ಕೆಲವರು. ಎರಡನೆಯವರ ಮಾತು ಸರಿಯೆಂದು ನನಗೆ ತೋರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೋಲ್ಸ್‌ರಾಯ್ಸ್ ಸಂಸ್ಥೆಯ ಮರ್ಲಿನ್ ವಿಮಾನ ಎಂಜಿನ್ನುಗಳನ್ನು ಐವತ್ತು ಸಾವಿರಕ್ಕೂ ಹೆಚ್ಚಾಗಿ ತಯಾರಿಸಿಕೊಟ್ಟದ್ದು ಪ್ಯಾಕರ್ಡ್ ಕಾರ್ಖಾನೆಯೇ. ಯುದ್ಧ ಮುಗಿದ ಮೇಲೆ ದೊಡ್ಡ ಸಂಸ್ಥೆಗಳ ಪೈಪೋಟಿ ಬಲವಾಯಿತು. ಪ್ಯಾಕರ್ಡಿಗೆ ಮೈಕಟ್ಟನ್ನು ಒದಗಿಸುತ್ತಿದ್ದ ಬ್ರಿಗ್ಸ್ ಎಂಬ ಸಂಸ್ಥೆಯನ್ನು 1953ರಲ್ಲಿ ಕ್ರೈಸ್ಲರ್ ಕೊಂಡುಕೊಂಡಿತು. 1954ರಲ್ಲಿ ಪ್ಯಾಕರ್ಡ್ ಸಂಸ್ಥೆ ಸ್ಟೂಡಿಬೇಕರಿನೊಡನೆ ಒಂದಾಯಿತು. 1956ರ ಜೂನ್ 25ರಂದು ಡೆಟ್ರಾಯಿಟಿನಲ್ಲಿ ಕೊನೆಯ ಪ್ಯಾಕರ್ಡ್ ಸಿದ್ಧವಾಯಿತು. ಆಮೇಲಿನ ಎರಡು ವರ್ಷಗಳ ಕಥೆಯೇ ತತ್ತ್ವಜಿಜ್ಞಾಸುವಿಗೆ ಮುಖ್ಯವಾದುದು. ಇಂಡಿಯಾನಾ ಪ್ರಾಂತದ ಸೌತ್‌ಬೆಂಡಿನಲ್ಲಿ ಸ್ಟೂಡಿಬೇಕರಿನ ಒಡಲಿಗೆ ಪ್ಯಾಕರ್ಡಿನ ಅಲಂಕಾರಗಳನ್ನು ತೊಡಿಸಿ ಅದೇ ಹೆಸರಿನಲ್ಲಿ 1958ರವರೆಗೂ ಮಾರಿದರು. ಹೆಸರಿತ್ತು, ಆ ಹೆಸರಿನ ಮೇಲೆ ನ್ಯಾಯಾಲಯವೂ ಒಪ್ಪುವ ಹಕ್ಕಿತ್ತು, ಆದರೆ ಬಲ್ಲವರಾರೂ ಅವನ್ನು ಪ್ಯಾಕರ್ಡುಗಳೆಂದು ಮನಸಾರೆ ಒಪ್ಪಲಿಲ್ಲ. ಅದೇ ಸಮಯದಲ್ಲಿ ಲೋಕದ ನಾನಾ ಊರುಗಳಲ್ಲಿ ಹಳೆಯ ಪ್ಯಾಕರ್ಡುಗಳು, ಹೆಸರಿನ ಹಕ್ಕುದಾರರ ಆಸರೆಯಿಲ್ಲದೆ, ಓಡುತ್ತಲೇ ಇದ್ದವು. ಒಂದು ಕಡೆ ರೂಪವಿಲ್ಲದ ನಾಮ, ಇನ್ನೊಂದು ಕಡೆ ನಾಥನಿಲ್ಲದ ರೂಪ: ವೇದಾಂತದ ಗ್ರಂಥಗಳಲ್ಲಿ ನಾವು ಓದುವ ನಾಮರೂಪವಿವೇಕಕ್ಕೆ ಇಷ್ಟು ಸ್ಥೂಲವಾದ ನಿದರ್ಶನ ಸಿಗುವುದು ಅಪೂರ್ವ.

ಡೆಟ್ರಾಯಿಟಿನ ಆ ಮಹಾಕಾರ್ಖಾನೆ ದಶಕಗಳ ಕಾಲ ಪಾಳುಬಿದ್ದಿದ್ದು, ರಸ್ತೆಯ ಮೇಲೆ ಹಾದಿದ್ದ ಅದರ ಸೇತುವೆ 2019ರಲ್ಲಿ ಕುಸಿಯಿತು. 2022ರಲ್ಲಿ ನಗರಾಡಳಿತವು ಉಳಿದ ಕಟ್ಟಡಗಳನ್ನು ಕೆಡವಲಾರಂಭಿಸಿತು.

ಇನ್ನು ಹೈದರಾಬಾದಿಗೆ ಬರೋಣ. ಇಲ್ಲಿಯ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಒಂದು ರೋಲ್ಸ್‌ರಾಯ್ಸ್ ಸಿಲ್ವರ್ ಘೋಸ್ಟನ್ನು, ಹಿಂಬದಿಯಲ್ಲಿ ಸಿಂಹಾಸನದಂಥ ಪೀಠವಿರುವಂತೆ, ಮಾಡಿಸಲು ಹೇಳಿಕಳುಹಿಸಿದರು. ಗಾಡಿ ಬರುವುದಕ್ಕೆ ಮೊದಲೇ, 1911ರಲ್ಲಿ, ಅವರು ಕಾಲವಾದರು. ಹಳದಿಬಣ್ಣದ ಆ ರಥವನ್ನು ಈಗ ಚೌಮಹಲ್ಲಾ ಅರಮನೆಯಲ್ಲಿ ನೋಡಬಹುದು; ಅವರ ಮಗ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ ಅದು ಉತ್ಸವಗಳಿಗಷ್ಟೇ ಹೊರಬರುತ್ತಿದ್ದು, ಓಡಿದ ಮೈಲಿಗಳು ಕೆಲವು ನೂರರಲ್ಲಿಯೇ ನಿಂತವು. ಲೋಕದ ಅತ್ಯಂತ ಶ್ರೀಮಂತನೆಂದು ಪತ್ರಿಕೆಗಳು ಸಾರಿದ ಆ ಏಳನೆಯ ನಿಜಾಮರ ಒಡವೆಗಳಾದರೂ ಇಂದು ಭಾರತ ಸರ್ಕಾರದ ಸ್ವತ್ತು. 1995ರಲ್ಲಿ 218 ಕೋಟಿ ರೂಪಾಯಿಗಳಿಗೆ ಅವುಗಳ ಕ್ರಯವಾಯಿತು. ಪುರಾನಿ ಹವೇಲಿಯಲ್ಲಿಯೋ, ಮಹಬೂಬ್ ಅಲಿ ಖಾನರ ಉಡುಪುಗಳಿಗಾಗಿ ಒಂದು ಪಾರ್ಶ್ವದ ಉದ್ದಕ್ಕೂ ಕಟ್ಟಿದ ಎರಡಂತಸ್ತಿನ ಮರದ ಕಪಾಟುಗಳು ತೊಡುವವರಿಲ್ಲದೆ ನಿಂತಿವೆ. ಇವನ್ನೆಲ್ಲ ನೋಡಿ ಹೊರಬರುವ ಪ್ರೇಕ್ಷಕನ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತೊಂದಿದೆ: ಎಲ್ಲವೂ ಇಷ್ಟೇ, ಏನಿದ್ದರೇನು, ಹೋಗುವಾಗ ಹೊತ್ತುಕೊಂಡು ಹೋದರೇ? ನಮ್ಮ ಹಿರಿಯರು ಇದನ್ನು ಸ್ಮಶಾನವೈರಾಗ್ಯವೆಂದು ಕರೆದು, ಅದರ ಆಯುಸ್ಸು ಹೊಳೆಯ ಸ್ನಾನದವರೆಗೆ ಎಂದರು. ಆ ಮಾತಿನಲ್ಲಿ ಸುಳ್ಳಿಲ್ಲ; ಆದರೆ ಅಷ್ಟಕ್ಕೇ ವಿಚಾರವನ್ನು ನಿಲ್ಲಿಸುವುದು ಆಲಸ್ಯವೆಂದು ನನಗೆ ಅನ್ನಿಸುತ್ತದೆ. ವಸ್ತುಗಳು ನಶ್ವರವೆಂಬುದು ಯಾರಿಗೆ ತಿಳಿಯದು? ತಿಳಿಯಬೇಕಾದುದು, ನಶ್ವರವಾದುದರ ವಿಷಯದಲ್ಲಿ ಅದು ಇರುವಷ್ಟು ಕಾಲ ನನ್ನ ಕರ್ತವ್ಯವೇನು ಎಂಬುದು. ವೈರಾಗ್ಯದ ಮಾತನ್ನು ಆಡುತ್ತಾ ಗಾಡಿಯನ್ನು ತುಕ್ಕುಹಿಡಿಯಲು ಬಿಟ್ಟವನು ತ್ಯಾಗಿಯಾಗಲಿಲ್ಲ, ಅಲಕ್ಷ್ಯಮಾಡಿದವನಾದನು ಅಷ್ಟೆ.

ಈ ಕರ್ತವ್ಯದ ಸ್ವರೂಪವು ಅರಮನೆಯ ಲಾಯದಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಕಾಣುವುದು, ಅರಸೊತ್ತಿಗೆ ಮುಗಿದ ಮೇಲೆ ಇಂಥ ಗಾಡಿಗಳನ್ನು ಇಟ್ಟುಕೊಂಡವರ ಅನುಭವದಲ್ಲಿ. ನಮ್ಮ ದೇಶಕ್ಕೆ ಈ ಅನುಭವವು ಒಂದು ವಿಶೇಷ ಕಹಿಯೊಡನೆ ಬಂದಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕೈಗಾರಿಕೆಯನ್ನು ಅಭ್ಯಸಿಸಿ ಬಂದು, ಇಲ್ಲಿಯೇ ಒಂದು ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಅದಕ್ಕಾಗಿ ಓಡಾಡಿದರು. ಅಂದಿನ ಭಾರತ ಸರ್ಕಾರ ಬೆಂಬಲಕೊಡಲಿಲ್ಲ. ಕೊಳ್ಳುವ ಅಧಿಕಾರ ನಮಗಿತ್ತು, ಮಾಡುವ ಅಧಿಕಾರವಿರಲಿಲ್ಲ. ಸ್ವಾತಂತ್ರ್ಯ ಬಂದ ಬಳಿಕ ನಮ್ಮ ಸರ್ಕಾರವೇ ದೇಶೀಯ ಕೈಗಾರಿಕೆಯ ರಕ್ಷಣೆಗಾಗಿ ವಿದೇಶದ ಗಾಡಿಗಳ ಆಮದನ್ನು ಬಿಗಿಗೊಳಿಸಿತು. ಇಲ್ಲಿ ಗಾಡಿಗಳನ್ನು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಸಂಸ್ಥೆಗಳು 1954ರ ಹೊತ್ತಿಗೆ ಬಾಗಿಲು ಹಾಕಿದವು. ಆ ನೀತಿ ಯುಕ್ತವಾದದ್ದೇ. ಆದರೆ ಅದರ ಫಲವಾಗಿ ಹಡ್ಸನ್, ನ್ಯಾಷ್, ಡಿಸೋಟೊ, ಸ್ಟೂಡಿಬೇಕರ್, ಪ್ಯಾಕರ್ಡ್ ಮೊದಲಾದ ಅಮೆರಿಕನ್ ಗಾಡಿಗಳನ್ನು ಇಟ್ಟುಕೊಂಡವರು, ಅತ್ತ ಅವುಗಳ ತಯಾರಿಕೆ ಒಂದೊಂದಾಗಿ ನಿಲ್ಲುತ್ತಿದ್ದಾಗ, ಇತ್ತ ಬಿಡಿಭಾಗಗಳಿಗೆ ದಿಕ್ಕಿಲ್ಲದವರಾದರು.

ಆಗ ಅವರ ಕೈಹಿಡಿದದ್ದು ರಾಣಿಗಂಜಿನಂಥ ಪೇಟೆಗಳ ಲೇಥಿನ ಅಂಗಡಿಗಳು, ಗುಜರಿಯ ರಾಶಿಗಳು ಮತ್ತು ಹೈದರಾಬಾದಿನಲ್ಲಿ ಉಸ್ತಾದ್ ಎಂದು ಗೌರವದಿಂದ ಕರೆಯಿಸಿಕೊಳ್ಳುವ ಮೆಕ್ಯಾನಿಕ್ಕುಗಳು. ಪ್ಯಾಕರ್ಡಿನ ವಿದ್ಯುತ್ ವ್ಯವಸ್ಥೆ 1954ರವರೆಗೂ ಆರು ವೋಲ್ಟಿನದು. ಅಷ್ಟೇ ಅಲ್ಲದೆ ಇಂದಿನ ಗಾಡಿಗಳಿಗೆ ವಿರುದ್ಧವಾಗಿ ಬ್ಯಾಟರಿಯ ಧನಾಗ್ರವನ್ನು ಅಲ್ಲಿ ಚಾಸಿಗೆ ಸೇರಿಸಿರುತ್ತಾರೆ. ತಿಳಿಯದ ಹುಡುಗನು ರೂಢಿಯಂತೆ ತಂತಿ ಬಿಗಿದರೆ ಕೆಡುಕಾಯಿತೆಂದೇ ಅರ್ಥ. 1930ರ ದಶಕದ ಮೊದಲ ಭಾಗದ ಹಿರಿಯ ಪ್ಯಾಕರ್ಡುಗಳಲ್ಲಿ ಬಿಜುರ್ ಎಂಬ ಏರ್ಪಾಡೊಂದಿದೆ: ಕೂದಲೆಳೆಯಂಥ ನಾಳಗಳ ಮೂಲಕ ಎಣ್ಣೆಯು ಚಾಸಿಯ ಸಂದುಸಂದಿಗೂ ಹರಿಯುತ್ತದೆ. ನಾಳವೊಂದರಲ್ಲಿ ಕಸ ಕೂತರೆ ಮೇಲೆ ಯಾವ ಸೂಚನೆಯೂ ಇರದೆ ಆ ಕಡೆಯ ಕೀಲು ಒಣಗಿ ಸವೆಯುತ್ತಾ ಹೋಗುತ್ತದೆ. ಆದ್ದರಿಂದ ಒಡೆಯನಾದವನು ವರ್ಷಕ್ಕೊಮ್ಮೆಯಾದರೂ ಗಾಡಿಯ ಅಡಿಗೆ ಮಲಗಿ ಪ್ರತಿಯೊಂದು ಸಂದಿನಲ್ಲಿಯೂ ಎಣ್ಣೆಯ ಒದ್ದೆ ಇದೆಯೇ ಎಂದು ಬೆರಳಿಟ್ಟು ನೋಡಬೇಕು.

ಬೇರಿಂಗಿಗೆ ವೈಟ್‌ಮೆಟಲ್ ಹೊಯ್ಯುವ ಕ್ರಮವಂತೂ ಒಂದು ಅನುಷ್ಠಾನವೇ ಸರಿ. 1920ರ ದಶಕದ ಎಂಜಿನ್ನುಗಳಲ್ಲಿ ಈ ಲೋಹದ ಮೆತ್ತೆಯ ಮೇಲೆಯೇ ಉಕ್ಕಿನ ದಂಡ ತಿರುಗುತ್ತದೆ. ಅದು ಸವೆದರೆ ಅಂಗಡಿಯಲ್ಲಿ ಕೊಳ್ಳುವ ವಸ್ತುವಲ್ಲ, ಅಲ್ಲಿಯೇ ಎರಕಹೊಯ್ಯಬೇಕು. ತವರ, ತಾಮ್ರ, ಆಂಟಿಮೊನಿಗಳ ಮಿಶ್ರಣವನ್ನು ಉಸ್ತಾದನು ಸೌಟಿನಲ್ಲಿ ಕರಗಿಸುತ್ತಾನೆ. ಶಾಖ ಸಾಕೇ ಎಂಬುದನ್ನು ಅಳೆಯಲು ಒಣಗಿದ ಕಡ್ಡಿಯೊಂದನ್ನು ಅದರಲ್ಲಿ ಅದ್ದಿ ತೆಗೆದು ಅದರ ಬಣ್ಣವನ್ನು ನೋಡುತ್ತಾನೆ; ಕಡ್ಡಿ ಕಂದಿದರೆ ಹದ, ಹೊತ್ತಿಕೊಂಡರೆ ಹೆಚ್ಚು. ಅಚ್ಚನ್ನೂ ಮೊದಲೇ ಬಿಸಿಮಾಡಿ, ಬೇರಿಂಗಿನ ಗೂಡಿನ ಒಳಗೆ ತವರದ ಕಲಾಯಿ ಹಚ್ಚಿ, ಒಂದೇ ಧಾರೆಯಲ್ಲಿ, ನಡುವೆ ಉಸಿರಾಡುವಷ್ಟು ಹೊತ್ತೂ ತಡೆಯದಂತೆ ಹೊಯ್ಯಬೇಕು. ಧಾರೆ ಕಡಿದರೆ ಪದರ ಬೇರೆಯಾಗಿ ಮುಂದೆ ಬಿರುಕುಬಿಡುತ್ತದೆ. ಆರಿದಮೇಲೆ ದಂಡಕ್ಕೆ ನೀಲಿಬಣ್ಣ ಸವರಿ ಕೂಡಿಸಿ ತಿರುಗಿಸಿ ತೆಗೆದು, ನೀಲಿ ತಗುಲಿದ ಉಬ್ಬುಗಳನ್ನು ಮಾತ್ರ ಕೈಯಿಂದ ಹೆರೆದು, ಮತ್ತೆ ಕೂಡಿಸಿ ಮತ್ತೆ ಹೆರೆದು, ನೀಲಿಯು ಎಲ್ಲೆಡೆಯಲ್ಲಿಯೂ ಸಮನಾಗಿ ಕಾಣುವವರೆಗೂ ಈ ಕೆಲಸ ನಡೆಯುತ್ತದೆ. ಡೆಟ್ರಾಯಿಟಿನ ಹೆಸರನ್ನು ಕೇಳಿಯೇ ಇರದ ಮನುಷ್ಯನೊಬ್ಬನು ಅಲ್ಲಿಯ ಎಂಜಿನಿಯರನ ಮನೋಗತವನ್ನು ತನ್ನ ಬೆರಳತುದಿಯಿಂದ ಓದಿ ಪೂರ್ಣಗೊಳಿಸುವ ಈ ದೃಶ್ಯಕ್ಕಿಂತ ಗಂಭೀರವಾದುದನ್ನು ಯಂತ್ರಲೋಕದಲ್ಲಿ ನಾನು ಕಾಣೆ.

ಇಲ್ಲಿ ಪ್ರಾಚೀನವಾದ ಆ ಪ್ರಶ್ನೆ ಎದುರಾಗುತ್ತದೆ. ಬೇರಿಂಗು ಇಲ್ಲಿಯದು, ಗ್ಯಾಸ್ಕೆಟ್ಟು ಇಲ್ಲಿಯ ತಾಮ್ರದ ತಗಡಿನದು, ಪಿಸ್ಟನ್ನಿನ ಉಂಗುರಗಳು ಯಾವುದೋ ಲಾರಿಯವು, ಕುಶನ್ನಿನ ಚರ್ಮ ಊರಿನ ಕುಶಲಿಯೊಬ್ಬನದು; ಹೀಗಾದ ಮೇಲೆ ಅದನ್ನು ಪ್ಯಾಕರ್ಡ್ ಎನ್ನುವುದು ಹೇಗೆ? ಎರಡು ಸಹಸ್ರ ವರ್ಷಗಳ ಹಿಂದಿನ ಮಿಲಿಂದಪ್ರಶ್ನದಲ್ಲಿ ಭಿಕ್ಷು ನಾಗಸೇನನು ಯವನರಾಜನಾದ ಮಿಲಿಂದನನ್ನು ಇದೇ ಬಗೆಯಲ್ಲಿ ನಿಲ್ಲಿಸಿ ಕೇಳಿದನು. ರಾಜನು ತಾನು ಬಂದದ್ದು ರಥದಲ್ಲಿ ಎನ್ನಲು, ಅಚ್ಚು ರಥವೋ, ಗಾಲಿ ರಥವೋ, ಮೂಕಿ ರಥವೋ, ಇವೆಲ್ಲದರ ಹೊರಗೆ ಬೇರೊಂದು ರಥವುಂಟೋ ಎಂದು ಒಂದೊಂದಾಗಿ ಕೇಳುತ್ತಾ ಹೋಗಿ, ಭಾಗಗಳ ಕೂಟವನ್ನು ಆಶ್ರಯಿಸಿದ ಒಂದು ವ್ಯವಹಾರನಾಮವೇ ರಥ, ಮನುಷ್ಯನೂ ಅಂತೆಯೇ ಎಂದು ನಿರ್ಣಯಿಸಿದನು. ವೈಶೇಷಿಕರು ಇದನ್ನು ಒಪ್ಪರು. ಅವಯವಗಳಿಂದ ಬೇರೆಯಾದ ಅವಯವಿ ಎಂಬುದು ನಿಜವಾಗಿಯೂ ಉಂಟೆಂದು ಅವರ ಪಕ್ಷ. ಆದರೆ ಒಂದು ಅವಯವ ಹೋಗಿ ಮತ್ತೊಂದು ಬಂದೊಡನೆ ಹಿಂದಿನ ಅವಯವಿಯೇ ನಾಶವಾಗಿ ಹೊಸತೊಂದು ಹುಟ್ಟಿತೆನ್ನಬೇಕಾದ ಕಷ್ಟಕ್ಕೆ ಅವರು ಸಿಲುಕುತ್ತಾರೆ. ಉಸ್ತಾದನು ಬೋಲ್ಟು ಬದಲಿಸಿದಾಗಲೆಲ್ಲ ಹೊಸ ಪ್ಯಾಕರ್ಡ್ ಹುಟ್ಟಿತೆಂಬುದು ನಮ್ಮ ಅನುಭವಕ್ಕೆ ಒಗ್ಗದ ಮಾತು.

ನಾಗಸೇನನ ವಿಶ್ಲೇಷಣೆಯಲ್ಲಿ ತಪ್ಪಿಲ್ಲ. ಆದರೆ ರಥವೆಂಬ ಪ್ರತ್ಯೇಕ ವಸ್ತುವಿಲ್ಲವಾದ್ದರಿಂದ ರಥದ ವಿಷಯದಲ್ಲಿ ಕರ್ತವ್ಯವೂ ಇಲ್ಲವೆಂದು ಅದರಿಂದ ಅರ್ಥಮಾಡಿಕೊಳ್ಳುವುದು ಬೌದ್ಧಮತಕ್ಕೇ ವಿರುದ್ಧ. ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಉದಯನರಾಜನ ಅಂತಃಪುರದವರು ಬುದ್ಧನ ಶಿಷ್ಯನಾದ ಆನಂದನಿಗೆ ಐನೂರು ಚೀವರಗಳನ್ನು ದಾನಮಾಡಿದರು. ಸಂನ್ಯಾಸಿಗೆ ಇಷ್ಟೇಕೆಂದು ಅರಸನು ಅಸಮಾಧಾನದಿಂದ ಪ್ರಶ್ನಿಸಿದನು. ಚೀವರ ಹರಿದ ಭಿಕ್ಷುಗಳಿಗೆ ಹಂಚುತ್ತೇವೆ, ಅವರ ಹಳೆಯ ಬಟ್ಟೆಯನ್ನು ಮೇಲುಹಾಸು ಮಾಡುತ್ತೇವೆ, ಅದು ಹಳೆಯದಾದರೆ ನೆಲದ ಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳು ಕೊಡವುವ ಚಿಂದಿ, ಕೊನೆಗೆ ಅದನ್ನು ಚೂರುಮಾಡಿ ಮಣ್ಣಿನೊಡನೆ ಕಲಸಿ ಗೋಡೆಗೆ ಮೆತ್ತುತ್ತೇವೆ ಎಂದು ಆನಂದನು ವಿವರಿಸಲಾಗಿ ರಾಜನು ಪ್ರಸನ್ನನಾಗಿ ಮತ್ತೆ ಐನೂರು ಕೊಟ್ಟನು. ನಾನು, ನನ್ನದು ಎಂಬ ಎರಡನ್ನೂ ಮಿಥ್ಯೆಯೆಂದು ಸಾರಿದ ಸಂಘವೇ ಒಂದು ತುಂಡು ಬಟ್ಟೆಯನ್ನು ಕಡೆಯ ಎಳೆಯವರೆಗೂ ಗೌರವದಿಂದ ನಡಸಿಕೊಂಡಿತು. ಮಮಕಾರ ಕಳೆದಷ್ಟೂ ವಸ್ತುವಿನ ಮೇಲಿನ ಎಚ್ಚರ ಹೆಚ್ಚುವುದೆಂಬ ಈ ರಹಸ್ಯವನ್ನು ನಮ್ಮ ಕಾಲದ ವೈರಾಗ್ಯವಾದಿಗಳು ಗಮನಿಸುವುದಿಲ್ಲ.

ನಮ್ಮ ದೇವಾಲಯಗಳ ಜೀರ್ಣೋದ್ಧಾರ ವಿಧಿಯು ಅದೇ ಪ್ರಶ್ನೆಗೆ ಇನ್ನೊಂದು ದಿಕ್ಕಿನಿಂದ ಉತ್ತರಕೊಡುತ್ತದೆ. ಬಿಂಬ ಭಿನ್ನವಾದರೆ ಅದರಲ್ಲಿಯ ಸಾನ್ನಿಧ್ಯವನ್ನು ಕಲಶೋದಕಕ್ಕೆ ಆಕರ್ಷಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜಿಸಿ, ಹೊಸ ಬಿಂಬಕ್ಕೆ ಪ್ರತಿಷ್ಠೆ ಮಾಡುತ್ತಾರೆ. ಹಳೆಯದನ್ನು ನೀರಿಗೆ ಬಿಡುತ್ತಾರೆ. ಪುರಿಯಲ್ಲಿ ನಂದಿಘೋಷ, ತಾಲಧ್ವಜ, ದರ್ಪದಲನ ಎಂಬ ಮೂರು ರಥಗಳನ್ನು ಪ್ರತಿವರ್ಷವೂ ಹೊಸ ಮರದಿಂದ ಕಟ್ಟುತ್ತಾರೆ. ಮೂರ್ತಿಗಳಿಗೂ ನವಕಲೇವರವಾಗುತ್ತದೆ, 1996ರಲ್ಲಿಯೂ 2015ರಲ್ಲಿಯೂ ಆದಂತೆ. ದಾರು ಬೇರೆ, ದೇವರು ಅವನೇ ಎಂಬುದರಲ್ಲಿ ಭಕ್ತನಿಗೆ ಸಂಶಯ ಹುಟ್ಟುವುದಿಲ್ಲ. ಏಕೆ? ಪೂಜೆ ಕಡಿಯಲಿಲ್ಲ, ಒಂದು ದಿನವೂ ಕಡಿಯದಂತೆ ನೋಡಿಕೊಳ್ಳುವವರ ಪರಂಪರೆ ಕಡಿಯಲಿಲ್ಲ. ಯಂತ್ರವನ್ನು ದೇವರೊಡನೆ ಸಮಮಾಡುವ ಅವಿವೇಕ ನನ್ನದಲ್ಲ. ಮಹಾನವಮಿಯ ದಿನ ಗಾಡಿಗೆ ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಗಾಲಿಯಡಿಗೆ ನಿಂಬೆಹಣ್ಣಿಡುವ ನಾವು, ಅದು ದೇವರಲ್ಲವೆಂದು ಬಲ್ಲೆವು; ಆದರೂ ನಮಸ್ಕರಿಸುತ್ತೇವೆ. ವಸ್ತುವಿನ ಅನನ್ಯತೆಯು ಅದರ ಧಾತುವಿನಲ್ಲಿ ಇಲ್ಲ, ಮಾಡಿದ ಸಂಸ್ಥೆಯ ಹಕ್ಕುಪತ್ರದಲ್ಲಿಯೂ ಇಲ್ಲ. ಅವಿಚ್ಛಿನ್ನವಾದ ಪಾಲನೆಯಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೌತ್‌ಬೆಂಡಿನಲ್ಲಿ ಹೆಸರು ಮುಂದುವರಿದರೂ ಪ್ಯಾಕರ್ಡ್ ಮುಂದುವರಿಯಲಿಲ್ಲ. ಉಸ್ತಾದನ ಅಂಗಡಿಯಲ್ಲಿ ಲೋಹ ಬದಲಾದರೂ ಪ್ಯಾಕರ್ಡ್ ಮುಂದುವರಿಯಿತು.

ಹಾಗಾದರೆ ಒಡೆಯನೆಂಬವನು ಯಾರು? ಕಠೋಪನಿಷತ್ತು ಶರೀರವನ್ನು ರಥಕ್ಕೂ ಆತ್ಮನನ್ನು ರಥಿಕನಿಗೂ ಬುದ್ಧಿಯನ್ನು ಸಾರಥಿಗೂ ಹೋಲಿಸಿ, ಒಡೆಯನು ರಥದ ಯಾವ ಭಾಗವೂ ಅಲ್ಲವೆಂದು ತೋರಿಸಿತು. ನನಗೆ ಇನ್ನೂ ಹತ್ತಿರವಾದ ಉತ್ತರಗಳು ಈ ಹೈದರಾಬಾದ್ ಸೀಮೆಯಲ್ಲಿಯೇ ಬೆಳೆದವು. 1956ರವರೆಗೂ ಈ ಸಂಸ್ಥಾನದ ಭಾಗವಾಗಿದ್ದ ಬೀದರ ಜಿಲ್ಲೆಯ ಕಲ್ಯಾಣದಲ್ಲಿ, ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು, ಹಗಲೆಲ್ಲ ಪರರ ಹೊನ್ನನ್ನು ಎಣಿಸುತ್ತಲೇ, ತನ್ನದೆಂಬುದು ಯಾವುದೂ ಇ‌ಲ್ಲವೆಂಬ ದಾಸೋಹವನ್ನು ಬೋಧಿಸಿದರು, ಬಾಳಿದರು. ಕಾಯಕದಿಂದ ಬಂದುದನ್ನು ಕೈದಾಟಿಸಿ ಜಂಗಮಕ್ಕೆ ಮುಟ್ಟಿಸುವವನು ಮಧ್ಯವರ್ತಿ; ಒಡೆಯನು ಬೇರೆ. ಹೈದರಾಬಾದ್ ನಗರದ ಮುಸಲ್ಮಾನ ಸಂಪ್ರದಾಯದಲ್ಲಿ ವಕ್ಫ್ ಎಂಬ ವ್ಯವಸ್ಥೆಯಿದೆ. ಆಸ್ತಿಯನ್ನು ಒಮ್ಮೆ ದೇವರಿಗೆಂದು ಬಿಟ್ಟುಕೊಟ್ಟ ಮೇಲೆ ಅದನ್ನು ನೋಡಿಕೊಳ್ಳುವ ಮುತವಲ್ಲಿಗೆ ಮಾರುವ ಹಕ್ಕಿಲ್ಲ, ಹಾಳುಗೆಡವುವ ಹಕ್ಕಂತೂ ಇಲ್ಲವೇ ಇಲ್ಲ; ಕೈಯಲ್ಲಿರುವುದು ಅಮಾನತ್ತು, ಲೆಕ್ಕ ಒಪ್ಪಿಸಬೇಕಾದ ಇಡುಗಂಟು. ಕಾರ್ಖಾನೆ ಬದುಕಿರುವಷ್ಟು ದಿನ ಗಾಡಿಯನ್ನು ಕೊಂಡವನು ಬರಿಯ ಗಿರಾಕಿ. ಕೆಟ್ಟರೆ ಅವರಿದ್ದಾರೆ, ಹಳತಾದರೆ ಹೊಸತಿದೆ. ಕರ್ತೃ ಅಳಿದ ದಿನವೇ ಅವನಿಗೆ ಈ ಮುತವಲ್ಲಿಯ ಪದವಿ ಬರುತ್ತದೆ. ಮೋಟಾರು ಅವನ ಸೇವೆಗಿದ್ದುದು ಹೋಗಿ ಅವನು ಮೋಟಾರಿನ ಸೇವೆಗೆ ನಿಲ್ಲುತ್ತಾನೆ; ತನ್ನ ತರುವಾಯ ಯಾರು ನೋಡಿಕೊಳ್ಳುವರೆಂಬ ಚಿಂತೆ ಅವನಿಗೆ ಹತ್ತುತ್ತದೆ; ಆ ಚಿಂತೆಯೇ ನಿಜವಾದ ಒಡೆತನದ ಲಕ್ಷಣ.

ಈ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ; ಅದನ್ನು ಮರೆಮಾಡಿ ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. ಪ್ಯಾಕರ್ಡುಗಳು ಈ ನಗರದ ಬೀದಿಗಳಲ್ಲಿ ನಿಶ್ಶಬ್ದವಾಗಿ ಸಾಗುತ್ತಿದ್ದ ದಿನಗಳಲ್ಲಿ ತೆಲಂಗಾಣದ ರೈತನು ದೇಶಮುಖರ, ಜಾಗೀರುದಾರರ ನೆಲದಲ್ಲಿ ಬಿಟ್ಟಿಯ ದುಡಿಮೆ ದುಡಿಯುತ್ತಿದ್ದನು. ಶ್ರೀಮಂತನ ಆಟದ ವಸ್ತುವಿನ ಪಾಲನೆಯನ್ನು ಧರ್ಮವೆಂದು ಹೊಗಳುವುದು ಎಷ್ಟರಮಟ್ಟಿಗೆ ಸಾಧು? ಇದಕ್ಕೆ ಉತ್ತರವಾಗಿ ನಾನು ಮೋಟಾರನ್ನು ಬಿಟ್ಟು ನಡೆದ ಒಬ್ಬ ಮಹನೀಯರ ಕಡೆಗೆ ನೋಡುತ್ತೇನೆ. 1951ರಲ್ಲಿ ವಿನೋಬಾ ಭಾವೆಯವರು ಹೈದರಾಬಾದಿನ ಹತ್ತಿರದ ಶಿವರಾಂಪಲ್ಲಿಯ ಸರ್ವೋದಯ ಸಮ್ಮೇಳನಕ್ಕೆ ಕಾಲ್ನಡಿಗೆಯಲ್ಲಿಯೇ ಬಂದು, ಅಲ್ಲಿಂದ ತೆಲಂಗಾಣದ ಹಳ್ಳಿಗಳ ಕಡೆ ನಡೆದರು. ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ ಭೂಮಿಯಿಲ್ಲದ ನಲವತ್ತು ಹರಿಜನ ಕುಟುಂಬಗಳವರು ಎಂಬತ್ತು ಎಕರೆ ಬೇಕೆಂದರು. ವೆದಿರೆ ರಾಮಚಂದ್ರ ರೆಡ್ಡಿಯವರು ಎದ್ದುನಿಂತು ನೂರು ಎಕರೆ ಕೊಟ್ಟರು. ಭೂದಾನದ ಆರಂಭ ಅದು. ಆ ದಿನ ಆದ ನಿರ್ಣಯವೇನು? ಉತ್ತು ಬಿತ್ತಿ ಪೋಷಿಸಬಲ್ಲವನಲ್ಲಿಗೆ ನೆಲ ಹೋಗಬೇಕೆಂಬುದು. ಪಾಲನೆಯೇ ಒಡೆತನವೆಂಬ ತತ್ತ್ವವನ್ನು ಒಪ್ಪಿದವನು ಅದನ್ನು ಮೋಟಾರುಖಾನೆಯಲ್ಲಿ ನಿಲ್ಲಿಸಿ ಹೊಲದ ಬದುವಿನಲ್ಲಿ ಕೈಬಿಡುವಂತಿಲ್ಲ. ತಾನು ನೋಡಿಕೊಳ್ಳಲಾರದಷ್ಟನ್ನು ಇಟ್ಟುಕೊಂಡಿರುವವನಿಗೆ ಅದರಲ್ಲಿ ಧರ್ಮಸಮ್ಮತವಾದ ಹಕ್ಕಿಲ್ಲ, ಅದು ನೂರು ಮೋಟಾರುಗಳಾಗಲಿ ಸಾವಿರ ಎಕರೆಯಾಗಲಿ. ಒಂದೇ ಒಂದು ಹಳೆಯ ಗಾಡಿಯನ್ನು ತನ್ನ ಕೈಯಾರೆ ಕಾಪಾಡಿಕೊಂಡವನನ್ನು ನೂರನ್ನು ಕೂಡಿಹಾಕಿದವನೊಡನೆ ಸೇರಿಸಬಾರದು. ಇಬ್ಬರಿಗೂ ಮೋಟಾರಿನವರೆಂಬ ಹೆಸರಿದ್ದರೂ ಒಬ್ಬನು ಸೇವಕ, ಇನ್ನೊಬ್ಬನು ಸಂಗ್ರಹಕಾರ.

ಈ ಮಾತು ಅಮೆರಿಕದ ಗಾಡಿಗಳಿಗೆ ಮಾತ್ರ ಸಲ್ಲುವಂಥದಲ್ಲ. ಹೈದರಾಬಾದಿನ ತನ್ನದೇ ಆದ ಆಲ್ವಿನ್ ಕಾರ್ಖಾನೆ ಬಸ್ಸಿನ ಮೈಕಟ್ಟನ್ನೂ ಉಕ್ಕಿನ ಬೀರುವನ್ನೂ ರೆಫ್ರಿಜಿರೇಟರನ್ನೂ ಕೈಗಡಿಯಾರವನ್ನೂ ಮಾಡಿತು. ಆ ಹೆಸರೂ ಈಗ ಹಿಂದಿನದಾಯಿತು, ಅದರ ಬೀರುಗಳು ಮಾತ್ರ ಈ ಊರಿನ ಎಷ್ಟೋ ಮನೆಗಳಲ್ಲಿ ಇನ್ನೂ ಬೀಗ ತೆಗೆಯುತ್ತಿವೆ. ನಮ್ಮಲ್ಲಿ ಉಳಿದಿರುವ ಕರ್ತೃಹೀನ ವಸ್ತುಗಳನ್ನು ಕಾಯುವ ವಿದ್ಯೆಯಾದರೋ ವಸ್ತುಗಳಿಗಿಂತ ಬೇಗ ನಶಿಸುತ್ತಿದೆ. ಗಾಡಿಗೆ ವಸ್ತುಸಂಗ್ರಹಾಲಯದಲ್ಲಿ ಸ್ಥಳ ಸಿಕ್ಕಿತು. ಉಸ್ತಾದನ ಬೆರಳಿನ ತಿಳಿವಳಿಕೆಗೆ ಎಲ್ಲಿಯೂ ಸ್ಥಳ ಸಿಕ್ಕಿಲ್ಲ. ವೈಟ್‌ಮೆಟಲ್ ಹೊಯ್ಯಬಲ್ಲವರು ವೃದ್ಧರಾಗಿದ್ದಾರೆ. ಶಾಗಿರ್ದರಾಗಿ ಬರುವ ಹುಡುಗರು ವಿರಳ. ಆದುದರಿಂದ ಹಳೆಯ ಮೋಟಾರನ್ನಾಗಲಿ, ಹೊಲಿಗೆಯಂತ್ರವನ್ನಾಗಲಿ, ಅಚ್ಚಿನ ಮೊಳೆಯನ್ನಾಗಲಿ ಇಟ್ಟುಕೊಂಡಿರುವ ವಾಚಕರಲ್ಲಿ ನನ್ನದೊಂದು ಬಿನ್ನಹ. ಆ ವಸ್ತುವಿನ ಜೊತೆಯಲ್ಲಿ ಒಂದು ಪುಸ್ತಕವಿಡಿರಿ. ಅದನ್ನು ರಿಪೇರಿ ಮಾಡಿದವರ ಹೆಸರು, ಅವರ ಗುರುವಿನ ಹೆಸರು, ಯಾವ ಭಾಗವನ್ನು ಯಾವುದರಿಂದ ಹೇಗೆ ಮಾಡಿದರೆಂಬ ಕ್ರಮ, ಇವನ್ನು ಅವರ ಬಾಯಿಂದಲೇ ಕೇಳಿ ಬರೆದಿಡಿರಿ. ಮನೆಯ ಮಕ್ಕಳಲ್ಲಿ ಒಬ್ಬರನ್ನಾದರೂ ಅವರ ಕೆಲಸದ ಹತ್ತಿರ ಕೂಡಿಸಿರಿ. ಇದಕ್ಕೆ ಹಣದ ವೆಚ್ಚ ಹೆಚ್ಚಿಲ್ಲ, ಆದರೆ ತಡಮಾಡುವಂತಿಲ್ಲ.